ಭಾನುವಾರದ ಭೇಟಿ ಮತ್ತು ಕೌಟುಂಬಿಕ ಹಿಂಸೆ ಕಾಯ್ದೆಯ ಕಲಂ 21: ತಂದೆತಾಯಿ ಬೇರೆಯಾದ ಮೇಲಿನ ಹಿಂಸೆ ಕುರಿತ ಟಿಪ್ಪಣಿ

ಕಲಬುರಗಿಯಲ್ಲಿ ಸಮಾಜಕಾರ್ಯದ ಪರೀಕ್ಷೆಗೆ ಓದುವಾಗ ನಾನು ಎಡವಿದ್ದು ಒಂದೇ ಕಡೆ. ತಾಯಿ ಮಗುವನ್ನು ಕರೆದುಕೊಂಡು ತವರಿಗೆ ಬಂದರೆ ಹಿಂಸೆ ಅಲ್ಲಿಗೆ ಮುಗಿಯಿತು, ಉಳಿಯುವುದು ಹಳೆಯ ಗಾಯ ಮಾತ್ರ ಎಂದು ತಿಳಿದಿದ್ದೆ.

ಮನೆಯಲ್ಲಿ ಹಿಂಸೆ ಕಂಡ ಮಕ್ಕಳ ಲಕ್ಷಣಗಳು ಪಠ್ಯದಲ್ಲಿಯೇ ಇವೆ: ಚಿಕ್ಕ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಾರೆ, ತಾಯಿಯ ಸೆರಗು ಬಿಡುವುದಿಲ್ಲ, ಶಾಲೆಯ ಮಕ್ಕಳಿಗೆ ಕಾರಣ ಸಿಗದ ಹೊಟ್ಟೆನೋವು, ಹದಿಹರೆಯದವರಲ್ಲಿ ಸಿಟ್ಟು ಅಥವಾ ಮೌನ. ಇವಕ್ಕೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಇವಿಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು.

ನನಗೆ ಅರ್ಥವಾಗದ ಹಂತವನ್ನು ಒಂದು ಕಲ್ಪಿತ ಉದಾಹರಣೆಯಿಂದ ಬಿಡಿಸಿಕೊಂಡೆ. ಸೇಡಂನ ಅಜ್ಜಿಯ ಮನೆಯಲ್ಲಿ ತಾಯಿಯೊಂದಿಗಿರುವ ಎಂಟು ವರ್ಷದ ಬಾಲಕಿಯನ್ನು ತಿಂಗಳಿಗೆ ಎರಡು ಭಾನುವಾರ ಕಲಬುರಗಿಯ ಬಸ್ ನಿಲ್ದಾಣದಲ್ಲಿ ತಂದೆಗೆ ಒಪ್ಪಿಸಲಾಗುತ್ತದೆ. ಆತ ಕೈ ಎತ್ತುವುದಿಲ್ಲ. ಸುಸಲಾ, ಮಿರ್ಚಿ ಭಜಿ ಕೊಡಿಸಿ, "ನಿಮ್ಮವ್ವ ಫೋನಿನ್ಯಾಗ ಯಾರ ಜೋಡಿ ಮಾತಾಡ್ತಾಳ?" ಎಂದು ಕೇಳುತ್ತಾನೆ, ಮರಳಿಸುವಾಗ, "ಕೇಸ್ ವಾಪಸ್ ತಗೊಂಡ್ರ ರೊಕ್ಕ ಕಳಸ್ತೀನಿ ಅಂತ ಹೇಳು" ಎನ್ನುತ್ತಾನೆ. ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಲು ಈಗ ಆತನಿಗೆ ಉಳಿದಿರುವ ದಾರಿ ಮಗುವೇ. ಬಾಲಕಿಗೆ ಅಪ್ಪನ ಮೇಲೆ ಪ್ರೀತಿಯೂ ಇದೆ. ಉತ್ತರಿಸಿದರೆ ಅವ್ವನಿಗೆ, ಉತ್ತರಿಸದಿದ್ದರೆ ಅಪ್ಪನಿಗೆ ದ್ರೋಹ ಮಾಡಿದಂತೆ ಅವಳಿಗೆ ತೋರುತ್ತದೆ. ಶನಿವಾರ ಸಂಜೆ ಹೊಟ್ಟೆನೋವು ಶುರುವಾಗುವುದು ಇದರಿಂದ. ಆದರೆ ನೋಡುವವರು ಅದನ್ನು "ತಾಯಿ ಕಲಿಸಿಕೊಟ್ಟದ್ದು" ಎಂದುಬಿಡುತ್ತಾರೆ. ನಾನೂ ಮೊದಲ ಓದಿನಲ್ಲಿ ಹಾಗೆಯೇ ಬರೆದಿದ್ದೆ.

ಈಗ ಕಾನೂನು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ 2005ರದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಬೇರೆಯಾದ ಮೇಲೆ ಇದು ಅನ್ವಯಿಸದು ಎಂಬ ಗೊಂದಲಕ್ಕೆ ಕಲಂ 2ರಲ್ಲಿಯೇ ಉತ್ತರವಿದೆ: ಒಂದೇ ಮನೆಯಲ್ಲಿ ಈಗ ವಾಸಿಸುತ್ತಿರುವವರಷ್ಟೇ ಅಲ್ಲ, ಹಿಂದೆ "ಯಾವುದೇ ಕಾಲದಲ್ಲಿ" ವಾಸಿಸಿದ್ದವರ ಸಂಬಂಧವೂ ಕೌಟುಂಬಿಕ ಸಂಬಂಧವೇ. ಆ ಎರಡು ಪದಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ, ನೀವೂ ಎಳೆಯಿರಿ. ಕಲಂ 21ರ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಕೊಡಬಹುದು, ಪ್ರತಿವಾದಿಯ, ಅಂದರೆ ಇಲ್ಲಿ ತಂದೆಯ, ಭೇಟಿಗೆ ವ್ಯವಸ್ಥೆ ಮಾಡಬಹುದು. ಆದರೆ ಭೇಟಿಯಿಂದ ಮಗುವಿನ ಹಿತಕ್ಕೆ ಧಕ್ಕೆಯಾಗಬಹುದೆಂದು ಅವರಿಗೆ ಅನಿಸಿದರೆ ಅದನ್ನು ನಿರಾಕರಿಸಲೇಬೇಕು. ಭೇಟಿ ತಂದೆಯ ಹಕ್ಕು ಎಂಬ ನನ್ನ ತಿಳಿವಳಿಕೆ ಇಲ್ಲಿ ಮುರಿಯಿತು. "ತಾತ್ಕಾಲಿಕ" ಎಂಬ ಪದವನ್ನೂ ಮರೆಯಬೇಡಿ: ಅಂತಿಮ ಸುಪರ್ದಿಯ ಪ್ರಶ್ನೆ ಬೇರೆಯೇ, ಅದಕ್ಕೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯನ್ನು ನೋಡಬೇಕು.

ಈ ಅಧಿನಿಯಮದಡಿ ಮಹಿಳೆಗೆ ನೆರವಾಗುವ ಸಂರಕ್ಷಣಾಧಿಕಾರಿಯ ಕೆಲಸ ನಮ್ಮ ತಾಲ್ಲೂಕುಗಳಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರದು. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181.

ಮಗು ಭೇಟಿಯಿಂದ ಮರಳಿದ ಕೂಡಲೇ ತಾಯಿಯ ಕಡೆಯವರು "ಏನಂದ?" ಎಂದು ವಿಚಾರಣೆ ನಡೆಸಿದರೆ ಅದೇ ಭಾರ ಇನ್ನೊಂದು ಕಡೆಯಿಂದ ಬೀಳುತ್ತದೆ, ಊಟ, ಹೋಂವರ್ಕ್, ನಿದ್ದೆ ಎಂದಿನಂತೆ ನಡೆಯುವುದು ಮೇಲು. ಪ್ರಕರಣ ಅಧ್ಯಯನ ಬರೆಯುವಾಗ ನಾನು ಈಗ ಮೊದಲು ಕೇಳುವುದು ಶಾಲೆಯ ಹಾಜರಿ ಪುಸ್ತಕವನ್ನು: ಮಗು ಗೈರಾದ ಸೋಮವಾರಗಳು ಯಾವುವು, ಅವುಗಳ ಹಿಂದಿನ ದಿನ ಭೇಟಿ ಇತ್ತೇ ಎಂದು ನೋಡುತ್ತೇನೆ.