ಒಂದೇ ಕೊಡೆ, ನಾಲ್ಕು ಪುಟ

ನನ್ನ ಬಳಿ ಚಿತ್ರ ಕಲಿಯಲು ಬರುವವರು ಮೊದಲ ದಿನ ತರುವ ಸ್ಕೆಚ್‌ಬುಕ್ಕು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಗಟ್ಟಿ ರಟ್ಟು, ದಪ್ಪ ಹಾಳೆ, ಮೊದಲ ಪುಟ ಖಾಲಿ. ಎಲ್ಲಿ ಕೆಡಿಸಿಬಿಡುತ್ತೇವೋ ಎಂಬ ಅಂಜಿಕೆ. ಅಂಥವರಿಗೆ ನಡುವಿನ ಯಾವುದೋ ಪುಟ ತೆರೆಸಿ, ಬಾಲ್ ಪೆನ್ ಕೊಟ್ಟು, ಮೂಲೆಯಲ್ಲಿ ಅರೆಬರೆ ಮಡಚಿಟ್ಟ ಕೊಡೆಯನ್ನು ಬರೆಯಿರಿ ಎನ್ನುತ್ತೇನೆ.

ಪೆನ್ಸಿಲ್ ಕೊಟ್ಟರೆ ಅದರ ಹಿಂದೆಯೇ ರಬ್ಬರ್ ಬರುತ್ತದೆ. ರಬ್ಬರ್ ಕೈಗೆ ಬಂತೆಂದರೆ ಕಣ್ಣು ಕೊಡೆಯನ್ನು ಬಿಟ್ಟು ಹಾಳೆಗೆ ಅಂಟಿಕೊಳ್ಳುತ್ತದೆ. ಬಾಲ್ ಪೆನ್ನಿನ ಗೆರೆ ಅಳಿಯದು. ತಪ್ಪಿದ ಗೆರೆಯ ಪಕ್ಕದಲ್ಲೇ ಇನ್ನೊಂದನ್ನು ಎಳೆಯಬೇಕು, ಎಳೆಯುವ ಮುಂಚೆ ಕೊಡೆಯನ್ನು ಮತ್ತೊಮ್ಮೆ ನೋಡಲೇಬೇಕು. ಅದರ ಮಂದ ಎಣ್ಣೆಶಾಯಿ ಕೈಯ ಭಾರಕ್ಕೆ ತಕ್ಕಷ್ಟೇ ಇಳಿಯುತ್ತದೆ: ತೇಲಿಸಿದರೆ ಬೂದು, ಒತ್ತಿದರೆ ಕಡುಬಣ್ಣ. ಈ ಅಗ್ಗದ ಪೆನ್ನನ್ನು ಕಡೆಗಣಿಸುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಎರಡನೇ ಪುಟದಲ್ಲಿ ಅದೇ ಕೊಡೆ, ಚಾರ್ಕೋಲ್ ಅಂದರೆ ಇದ್ದಿಲು. ಪೆನ್ನಿಗೆ ಕೊಡೆಯ ಕಡ್ಡಿಗಳು ಕಂಡಿದ್ದವು. ಚಾರ್ಕೋಲ್‌ಗೆ ಬಟ್ಟೆಯ ನೆರಿಗೆಯೊಳಗಿನ ಕತ್ತಲು ಕಾಣುತ್ತದೆ. ಮರದ ಕಡ್ಡಿ ಸುಟ್ಟು ಮಾಡಿದ ಚಾರ್ಕೋಲ್‌ನಲ್ಲಿ ಅಂಟಿಲ್ಲ, ಪುಡಿ ಹಾಳೆಯ ತರಿಯಲ್ಲಿ ಸಿಕ್ಕಿಕೊಂಡಿರುತ್ತದೆ ಅಷ್ಟೆ. ಬಟ್ಟೆಯಿಂದ ಒರೆಸಿದರೆ ಬಹುಪಾಲು ಹೋಗುತ್ತದೆ, ನುಣುಪು ಹಾಳೆಯ ಮೇಲಂತೂ ನಿಲ್ಲುವುದೇ ಇಲ್ಲ. ಪುಡಿಯನ್ನು ಒತ್ತಿ ಮಾಡಿದ ಕಂಪ್ರೆಸ್ಡ್ ಚಾರ್ಕೋಲ್‌ಗೆ ಅಂಟು ಬೆರೆಸಿರುವುದರಿಂದ ಕಪ್ಪು ಹೆಚ್ಚು, ಆದರೆ ಕಲೆ ಉಳಿಯುತ್ತದೆ. ಪುಟ ಮುಚ್ಚುವ ಮುನ್ನ ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸಿಂಪಡಿಸಿ, ಇಲ್ಲವೇ ನಡುವೆ ಬಟರ್ ಪೇಪರ್ ಇಡಿ.

ಮೂರನೆಯದು ಕುಂಚ ಮತ್ತು ಶಾಯಿ, ಒಂದೇ ನಿಮಿಷ. ಇಲ್ಲಿ ಹಾಳೆಯ ತೂಕ ಲೆಕ್ಕಕ್ಕೆ ಬರುತ್ತದೆ. 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆ ನೀರು ತಾಗಿದೊಡನೆ ಸುಕ್ಕಾಗುತ್ತದೆ. 300 ಜಿಎಸ್ಎಂ ತಡೆಯುತ್ತದೆ. ಅರಗು ಸೇರಿದ ಇಂಡಿಯನ್ ಇಂಕನ್ನು ಕುಂಚದಿಂದಲೋ ಅದ್ದಿ ಬರೆಯುವ ನಿಬ್‌ನಿಂದಲೋ ಮಾತ್ರ ಬಳಸಿ. ಫೌಂಟನ್ ಪೆನ್ನಿಗೆ ತುಂಬಿ ಒಂದು ಒಳ್ಳೆಯ ಪೆನ್ನನ್ನು ನಾನು ಕಳೆದುಕೊಂಡಿದ್ದೇನೆ. ಒಳಗೆ ಒಣಗಿ ಕಟ್ಟಿಕೊಂಡದ್ದು ಬಿಡಲೇ ಇಲ್ಲ.

ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿದ್ದಾಗ ಜೊಂಡಿನ ಕಡ್ಡಿಯನ್ನು ಲೇಖನಿಯಾಗಿ ಕೊಯ್ದುಕೊಂಡು ಬರೆದ. ಅಂಥ ಕಡ್ಡಿಯಲ್ಲಿ ಶಾಯಿ ಬೇಗ ತೀರುತ್ತದೆ, ಉದ್ದ ಗೆರೆ ಎಳೆಯಲಾಗದು. ಆ ಚಿತ್ರಗಳ ತುಂಬ ಇರುವ ಚುಕ್ಕಿ, ಕೊಂಕು, ಮೋಟು ಗೆರೆಗಳನ್ನು ನೋಡಿದಾಗಲೆಲ್ಲ ಕಡ್ಡಿಯ ಈ ಮಿತಿ ನನಗೆ ನೆನಪಾಗುತ್ತದೆ. ಅವನ ಎಷ್ಟೋ ಚಿತ್ರಗಳ ಶಾಯಿ ಇಂದು ಮಸುಕಾಗಿ ಕಂದುಬಣ್ಣಕ್ಕೆ ತಿರುಗಿದೆ. ಅದಕ್ಕೇ ಯಾವ ಶಾಯಿ, ಯಾವ ಹಾಳೆ, ಎಷ್ಟು ಹೊತ್ತು ಎಂದು ಪುಟದ ಅಂಚಿನಲ್ಲಿ ಬರೆದಿಡಲು ಹೇಳುತ್ತೇನೆ.

ಪೆನ್ಸಿಲ್ ಬರುವುದು ನಾಲ್ಕನೇ ಪುಟಕ್ಕೆ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದಷ್ಟೂ ಪೆನ್ಸಿಲ್ ಗಟ್ಟಿ, ಅದರ ಗುರುತು ಎಚ್; ಗ್ರಾಫೈಟ್ ಹೆಚ್ಚಾದಷ್ಟೂ ಮೆದು, ಕಪ್ಪು, ಅದರ ಗುರುತು ಬಿ. 2ಎಚ್ ಹಿಡಿದು ಎಷ್ಟು ಒತ್ತಿದರೂ ಹಾಳೆಯಲ್ಲಿ ತಗ್ಗು ಬೀಳುತ್ತದೆಯೇ ಹೊರತು ಕಪ್ಪು ಬರುವುದಿಲ್ಲ. ನನ್ನ ಕೈಯೇ ಸರಿಯಿಲ್ಲ ಎಂದು ಕೊರಗುವವರಿಗೆ 6ಬಿ ಕೊಟ್ಟು ನೋಡಿದ್ದೇನೆ, ಅದೇ ಕೈಯಲ್ಲಿ ನೆರಳು ಇಳಿಯುತ್ತದೆ.

ಇಷ್ಟರಲ್ಲಿ ಮತ್ತೊಂದು ಆಗಿರುತ್ತದೆ. ಬಾಲ್ ಪೆನ್ನಿನ ಪುಟದಲ್ಲಿ ಅಂದಾಜಿಗೆ ಆರು ಕಡ್ಡಿ ಎಳೆದವರು ಪೆನ್ಸಿಲ್ ಹಿಡಿಯುವ ಹೊತ್ತಿಗೆ ಕೊಡೆಯ ಎಂಟು ಕಡ್ಡಿಗಳನ್ನೂ ಎಣಿಸಿರುತ್ತಾರೆ. ಎಣಿಸಿ ಎಂದು ನಾನು ಹೇಳಿರುವುದಿಲ್ಲ.