ಪದ ಪರಿಚಯ: ಮಹಾಧರ್ಮಕ್ಷೇತ್ರ

ಬಳ್ಳಾರಿಯ ಬಿಷಪ್ಪರು ಬೆಂಗಳೂರಿನ ಆರ್ಚ್‌ಬಿಷಪ್ಪರ ಕೈಕೆಳಗಿನವರು ಎಂಬ ಮಾತನ್ನು ನಮ್ಮ ಕಡೆ ಕ್ರೈಸ್ತರಲ್ಲದವರು ಮಾತ್ರವಲ್ಲ, ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಗೆ ಹೋಗುವವರೂ ಆಡುವುದುಂಟು. ಒಂದು ಮಹಾಧರ್ಮಕ್ಷೇತ್ರ, ಇನ್ನೊಂದು ಬರೀ ಧರ್ಮಕ್ಷೇತ್ರ ಎಂದ ಮೇಲೆ, ಮೂಲಮಠಕ್ಕೂ ಶಾಖಾಮಠಕ್ಕೂ ಇರುವಂಥ ನಂಟೇ ಇಲ್ಲಿಯೂ ಇರಬೇಕೆಂದು ಊಹಿಸುವುದು ಸಹಜ. ಆದರೆ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಇಂಥ ಮೇಲು ಕೀಳಿನ ಏಣಿ ಇಲ್ಲ. ಬಳ್ಳಾರಿಯ ಧರ್ಮಾಧ್ಯಕ್ಷರನ್ನು ನೇಮಿಸುವುದು ರೋಮಿನಲ್ಲಿರುವ ಪೋಪ್. ಅವರು ಉತ್ತರ ಹೇಳಬೇಕಾದದ್ದೂ ಪೋಪ್ ಅವರಿಗೇ ಹೊರತು ಬೆಂಗಳೂರಿಗಲ್ಲ. ಹಾಗಿದ್ದರೆ ಮಹಾಧರ್ಮಕ್ಷೇತ್ರ ಎಂಬ ಏರ್ಪಾಡು ಯಾತಕ್ಕೆ, ಅದರ ಮುಖ್ಯಸ್ಥರಿಗೆ ನೆರೆಯ ಧರ್ಮಕ್ಷೇತ್ರಗಳ ಮೇಲೆ ಇರುವ ಅಧಿಕಾರವಾದರೂ ಎಷ್ಟು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಥೋಲಿಕರ ಆಡಳಿತದಲ್ಲಿ ಜನರಿಗೆ ಹತ್ತಿರದ ಘಟಕ ಧರ್ಮಕೇಂದ್ರ. ಒಂದು ಚರ್ಚು, ಅದಕ್ಕೆ ಸೇರಿದ ಕುಟುಂಬಗಳು, ಅವರನ್ನು ನೋಡಿಕೊಳ್ಳುವ ಒಬ್ಬ ಗುರು ಅಲ್ಲಿರುತ್ತಾರೆ. ಇಂಥ ಹಲವು ಧರ್ಮಕೇಂದ್ರಗಳು ಸೇರಿ ಒಂದು ಧರ್ಮಕ್ಷೇತ್ರವಾಗುತ್ತದೆ. ಕರಾವಳಿಯ ಕಡೆ ಇದನ್ನೇ ಧರ್ಮಪ್ರಾಂತ್ಯ ಎನ್ನುವ ರೂಢಿಯಿದೆ. ಧರ್ಮಕ್ಷೇತ್ರದೊಳಗೆ ನಿಯಮ ಮಾಡುವುದು, ಆಡಳಿತ ನಡೆಸುವುದು, ನ್ಯಾಯ ತೀರ್ಮಾನ ಮಾಡುವುದು ಈ ಮೂರೂ ಅಧಿಕಾರಗಳು ಬಿಷಪ್, ಅಂದರೆ ಧರ್ಮಾಧ್ಯಕ್ಷರಲ್ಲಿ ಕೂಡಿಕೊಂಡಿರುತ್ತವೆ. ಅಕ್ಕಪಕ್ಕದ ಕೆಲವು ಧರ್ಮಕ್ಷೇತ್ರಗಳನ್ನು ಒಂದು ಗುಂಪಾಗಿ ಸೇರಿಸಿದರೆ ಅದು ಧರ್ಮಸಭೆಯ ಒಂದು ಪ್ರಾಂತವೆನಿಸುತ್ತದೆ. ಆ ಗುಂಪಿನ ತಲೆಭಾಗದಲ್ಲಿರುವ ಧರ್ಮಕ್ಷೇತ್ರವೇ ಮಹಾಧರ್ಮಕ್ಷೇತ್ರ, ಅದರ ಬಿಷಪ್ಪರೇ ಆರ್ಚ್‌ಬಿಷಪ್ ಅಥವಾ ಮಹಾಧರ್ಮಾಧ್ಯಕ್ಷರು. ಕಾನೂನಿನ ಭಾಷೆಯಲ್ಲಿ ಅವರಿಗೆ ಮೆಟ್ರೊಪಾಲಿಟನ್ ಎಂದೂ ಗುಂಪಿನ ಉಳಿದವುಗಳಿಗೆ ಸಫ್ರಗನ್ ಧರ್ಮಕ್ಷೇತ್ರಗಳೆಂದೂ ಹೆಸರು. ಬೆಂಗಳೂರಿನ ಗುಂಪಿನಲ್ಲಿ ಬಳ್ಳಾರಿ, ಬೆಳಗಾವಿ, ಚಿಕ್ಕಮಗಳೂರು, ಕಲಬುರಗಿ, ಕಾರವಾರ, ಮಂಗಳೂರು, ಮೈಸೂರು, ಶಿವಮೊಗ್ಗ ಮತ್ತು ಉಡುಪಿ ಸೇರಿವೆ. ಬೆಂಗಳೂರಿನ ಆರ್ಚ್‌ಬಿಷಪ್ಪರು ನೇರವಾಗಿ ಆಳುವುದು ಬೆಂಗಳೂರಿನ ಜೊತೆಗೆ ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಧರ್ಮಕೇಂದ್ರಗಳನ್ನು ಮಾತ್ರ.

ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಲು ಕಾನೂನು ಪುಸ್ತಕವನ್ನೇ ತೆರೆಯಬೇಕೆಂದಿಲ್ಲ. ಬಳ್ಳಾರಿಯಲ್ಲಿ ಬಿಷಪ್ಪರ ಪೀಠವಿರುವ ಸಂತ ಅಂತೋಣಿ ಪ್ರಧಾನಾಲಯದಲ್ಲಾಗಲಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಚರ್ಚಿನಲ್ಲಾಗಲಿ ಬಲಿಪೂಜೆಯ ನಡುವೆ ಗುರುಗಳು ಧರ್ಮಸಭೆಗಾಗಿ ಬೇಡಿಕೊಳ್ಳುವಾಗ ಇಬ್ಬರ ಹೆಸರು ಹೇಳುತ್ತಾರೆ: ಮೊದಲು ಪೋಪ್ ಅವರದು, ಆಮೇಲೆ ಬಳ್ಳಾರಿಯ ಧರ್ಮಾಧ್ಯಕ್ಷರದು. ನಡುವೆ ಬೆಂಗಳೂರಿನ ಆರ್ಚ್‌ಬಿಷಪ್ಪರ ಹೆಸರು ಬರುವುದಿಲ್ಲ. ಯಾರ ಹೆಸರು ಹಿಡಿದು ಪ್ರಾರ್ಥಿಸುತ್ತಾರೋ ಅವರೊಡನೆ ಆ ಸಭೆಯ ಐಕ್ಯ ಎಂಬುದು ಕಥೋಲಿಕರ ನಂಬಿಕೆಯಾದ್ದರಿಂದ ಇದು ಮರೆತು ಬಿಟ್ಟದ್ದಲ್ಲ, ವಿಚಾರಪೂರ್ವಕವಾಗಿಯೇ ಹೀಗಿದೆ.

ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಕಾನೂನು ಸಂಹಿತೆಯ 435ರಿಂದ 437ರವರೆಗಿನ ವಿಧಿಗಳು ಮೆಟ್ರೊಪಾಲಿಟನ್ ಅಧಿಕಾರವನ್ನು ಅಳೆದು ಕೊಟ್ಟಿವೆ. ಗುಂಪಿನ ಧರ್ಮಕ್ಷೇತ್ರಗಳಲ್ಲಿ ವಿಶ್ವಾಸವೂ ಶಿಸ್ತೂ ಸರಿಯಾಗಿ ನಡೆದಿವೆಯೇ ಎಂದು ಗಮನಿಸಿ, ಲೋಪ ಕಂಡರೆ ಪೋಪ್ ಅವರಿಗೆ ತಿಳಿಸುವುದು ಒಂದು ಹೊಣೆ. ತನ್ನ ಧರ್ಮಕೇಂದ್ರಗಳಿಗೆ ಭೇಟಿ ನೀಡಿ ತಪಾಸಣೆ ಮಾಡಬೇಕಾದ ಬಿಷಪ್ಪರು ಆ ಕೆಲಸವನ್ನು ಕಡೆಗಣಿಸಿದ್ದರೆ, ರೋಮಿನ ಒಪ್ಪಿಗೆ ಪಡೆದು ತಾನೇ ಹೋಗಿ ಮಾಡಬಹುದು. ಬಿಷಪ್ಪರ ಪೀಠ ತೆರವಾದಾಗ ಅಲ್ಲಿನ ಗುರುಗಳ ಸಲಹಾ ಮಂಡಳಿಯು ಎಂಟು ದಿನಗಳೊಳಗೆ ತಾತ್ಕಾಲಿಕ ಆಡಳಿತಾಧಿಕಾರಿಯನ್ನು ಆರಿಸಬೇಕು. ಆರಿಸದಿದ್ದರೆ ನೇಮಿಸುವ ಹಕ್ಕು ಮೆಟ್ರೊಪಾಲಿಟನ್‌ಗೆ ಹೋಗುತ್ತದೆ. ಇವುಗಳಾಚೆಗೆ ಸಫ್ರಗನ್ ಧರ್ಮಕ್ಷೇತ್ರಗಳಲ್ಲಿ ಅವರಿಗೆ ಆಡಳಿತಾಧಿಕಾರವಿಲ್ಲವೆಂದು ಕಾನೂನೇ ಬಿಡಿಸಿ ಹೇಳಿದೆ. ಬಳ್ಳಾರಿಯ ಗುರುವೊಬ್ಬರನ್ನು ಅವರು ವರ್ಗ ಮಾಡುವಂತಿಲ್ಲ, ಹೊಸಪೇಟೆಯ ಚರ್ಚಿನ ಲೆಕ್ಕಪತ್ರ ತರಿಸಿ ನೋಡುವಂತಿಲ್ಲ, ಕೊಪ್ಪಳದಲ್ಲಿ ಹೊಸ ಧರ್ಮಕೇಂದ್ರ ತೆರೆಯುವಂತಿಲ್ಲ. ಪ್ರಾಂತದ ಯಾವುದೇ ಚರ್ಚಿನಲ್ಲಿ ಅವರು ಪೂಜಾವಿಧಿ ನಡೆಸಬಹುದಾದರೂ ಪ್ರಧಾನಾಲಯದಲ್ಲಿ ನಡೆಸುವುದಾದರೆ ಅಲ್ಲಿನ ಬಿಷಪ್ಪರಿಗೆ ಮೊದಲು ತಿಳಿಸಬೇಕು. ಈ ಮೊಟಕು ಪಟ್ಟಿಗೆ ಈಚೆಗೆ ಸೇರಿದ ಗಟ್ಟಿಯಾದ ಹೊಣೆಯೆಂದರೆ, ಬಿಷಪ್ ಒಬ್ಬರ ಮೇಲೆ ಲೈಂಗಿಕ ದೌರ್ಜನ್ಯದ ಅಥವಾ ಅಂಥದನ್ನು ಮುಚ್ಚಿಟ್ಟ ದೂರು ಬಂದಾಗ ರೋಮಿನ ಆದೇಶದ ಮೇರೆಗೆ ಪ್ರಾಥಮಿಕ ತನಿಖೆ ನಡೆಸುವುದು. ಪೋಪ್ ಫ್ರಾನ್ಸಿಸ್ 2019ರಲ್ಲಿ ಇದನ್ನು ಸಾಮಾನ್ಯವಾಗಿ ಮೆಟ್ರೊಪಾಲಿಟನ್ನರಿಗೆ ವಹಿಸಿ 2023ರಲ್ಲಿ ಕಾಯಂ ಮಾಡಿದರು. ನನ್ನ ಎಣಿಕೆಯಲ್ಲಿ ಶತಮಾನಗಳಿಂದ ಗೌರವಕ್ಕಷ್ಟೇ ಉಳಿದಿದ್ದ ಈ ಹುದ್ದೆಗೆ ಮತ್ತೆ ಕೆಲಸ ಕೊಟ್ಟದ್ದು ಈ ನಿಯಮವೇ.

ಮೆಟ್ರೊಪಾಲಿಟನ್ ಆರ್ಚ್‌ಬಿಷಪ್ಪರನ್ನು ಬೇರೆ ಬಿಷಪ್ಪರಿಂದ ಗುರುತಿಸುವ ಹೊರಗಿನ ಚಿಹ್ನೆ ಪಾಲಿಯಮ್. ಪೂಜೆಯ ಉಡುಪಿನ ಮೇಲೆ ಕೊರಳ ಸುತ್ತ ಬಂದು ಎದೆಗೂ ಬೆನ್ನಿಗೂ ಇಳಿಬೀಳುವ, ಆರು ಕಪ್ಪು ಶಿಲುಬೆಗಳಿರುವ ಬಿಳಿ ಉಣ್ಣೆಯ ಪಟ್ಟಿ ಅದು. ಜನವರಿ 21ರ ಸಂತ ಆಗ್ನೆಸಳ ಹಬ್ಬಕ್ಕೆ ಹೊಂದಿಸಿ ರೋಮಿನಲ್ಲಿ ಕುರಿಮರಿಗಳನ್ನು ಆಶೀರ್ವದಿಸುತ್ತಾರೆ. ಅವುಗಳ ಉಣ್ಣೆ ಈ ಪಟ್ಟಿಗಳಿಗೆ ಸೇರುತ್ತದೆ. ಜೂನ್ 29ರಂದು, ಸಂತ ಪೇತ್ರ ಮತ್ತು ಪೌಲರ ಹಬ್ಬದಲ್ಲಿ, ಪೋಪ್ ಅವುಗಳನ್ನು ಹರಸುತ್ತಾರೆ. ಹೊಸ ಆರ್ಚ್‌ಬಿಷಪ್ಪರು ಮೂರು ತಿಂಗಳೊಳಗೆ ಇದನ್ನು ಕೇಳಿ ಪಡೆಯಬೇಕು, ತಮ್ಮ ಪ್ರಾಂತದ ಒಳಗೆ ಮಾತ್ರ ಧರಿಸಬೇಕು. ಎಂದರೆ ಬೆಂಗಳೂರಿನವರು ಇದನ್ನು ತೊಟ್ಟು ಬಳ್ಳಾರಿಯಲ್ಲಿ ಪೂಜೆ ಅರ್ಪಿಸಬಹುದು, ಆದರೆ ಗಡಿ ದಾಟಿ ಕರ್ನೂಲಿಗೆ ಹೋದರೆ ತೆಗೆದಿಡಬೇಕು, ಏಕೆಂದರೆ ಕರ್ನೂಲು ಧರ್ಮಕ್ಷೇತ್ರ ಸೇರುವುದು ಹೈದರಾಬಾದಿನ ಪ್ರಾಂತಕ್ಕೆ.

ಹೊಸ ಪೋಪ್ ಅವರನ್ನು ಆರಿಸುವ ಮಂಡಳಿಗೆ ಸೇರಿದ ಕಾರ್ಡಿನಲ್ ಎಂಬುದು ಇದಕ್ಕಿಂತ ಬೇರೆಯೇ ಆದ ಪದವಿ. ಅದನ್ನು ಪೋಪ್ ವ್ಯಕ್ತಿಗೆ ಕೊಡುತ್ತಾರೆಯೇ ಹೊರತು ಊರಿಗಲ್ಲ, ಆದ್ದರಿಂದ ಆರ್ಚ್‌ಬಿಷಪ್ಪರೆಲ್ಲ ಕಾರ್ಡಿನಲ್‌ಗಳಾಗುವುದಿಲ್ಲ. ಹಿಂದೆ ನಮ್ಮ ನೆರೆಯ ಕರ್ನೂಲಿನ ಬಿಷಪ್ಪರಾಗಿದ್ದ ಆಂಥೋನಿ ಪೂಲ ಅವರು ಹೈದರಾಬಾದಿನ ಆರ್ಚ್‌ಬಿಷಪ್ಪರಾದ ಮೇಲೆ 2022ರಲ್ಲಿ ಕಾರ್ಡಿನಲ್ ಆದರು. ಬೆಂಗಳೂರಿನ ಪೀಠದಲ್ಲಿದ್ದಾಗಲೇ ಆ ಪದವಿ ಪಡೆದವರು ಈವರೆಗೆ ಯಾರೂ ಇಲ್ಲ.

ಇನ್ನು ಚರಿತ್ರೆ. ಬೆಂಗಳೂರು ಮಹಾಧರ್ಮಕ್ಷೇತ್ರದ ಬೇರು ಇರುವುದು ಬೆಂಗಳೂರಿಗಿಂತ ಹೆಚ್ಚಾಗಿ ಪುದುಚೇರಿ ಮತ್ತು ಮೈಸೂರಿನಲ್ಲಿ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಗುರುಗಳು ನೋಡಿಕೊಳ್ಳುತ್ತಿದ್ದ ಪುದುಚೇರಿ ಪ್ರದೇಶದಿಂದ 1850ರಲ್ಲಿ ಮೈಸೂರು ಭಾಗವನ್ನು ಬೇರ್ಪಡಿಸಿ ಅಪೋಸ್ತಲಿಕ್ ವಿಕಾರಿಯೇಟ್, ಅಂದರೆ ಪೋಪ್ ಅವರ ಪ್ರತಿನಿಧಿಯೊಬ್ಬರು ಆಳುವ ಪ್ರದೇಶ ಮಾಡಲಾಯಿತು. 1886ರಲ್ಲಿ ಹದಿಮೂರನೆಯ ಲಿಯೋ ಪೋಪ್ ಭಾರತದ ಧರ್ಮಕ್ಷೇತ್ರಗಳನ್ನು ಕ್ರಮಬದ್ಧಗೊಳಿಸಿದಾಗ ಮೈಸೂರು ಪೂರ್ಣ ಧರ್ಮಕ್ಷೇತ್ರವಾಯಿತು. ಹೆಸರು ಮೈಸೂರಿನದಾದರೂ ಬಿಷಪ್ಪರು ವಾಸವಿದ್ದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. 1940ರ ಫೆಬ್ರುವರಿ 13ರಂದು ಬೆಂಗಳೂರನ್ನು ಮೈಸೂರಿನಿಂದ ಬೇರೆ ಮಾಡಿದಾಗ, ಮೈಸೂರಿನ ಬಿಷಪ್ಪರಾಗಿದ್ದ ಫ್ರೆಂಚ್ ಗುರು ಮೋರಿಸ್ ದೆಪಾತ್ಯೂರ್ ಅವರೇ ಬೆಂಗಳೂರಿನ ಮೊದಲ ಬಿಷಪ್ಪರಾದರು. 1942ರಲ್ಲಿ ಬಂದ ಥಾಮಸ್ ಪೋತಕಮೂರಿ ಅವರು ಈ ಪೀಠದ ಮೊದಲ ಭಾರತೀಯರು. ಅವರ ಕಾಲದಲ್ಲೇ, 1953ರ ಸೆಪ್ಟೆಂಬರ್ 19ರಂದು, ಬೆಂಗಳೂರು ಮಹಾಧರ್ಮಕ್ಷೇತ್ರವಾಯಿತು.

ಆ ದಿನಾಂಕ ನಮ್ಮ ಕಡೆಯವರಿಗೆ ಕುತೂಹಲದ್ದು. ಹೈದರಾಬಾದನ್ನು ಮಹಾಧರ್ಮಕ್ಷೇತ್ರದ ಮಟ್ಟಕ್ಕೆ ಏರಿಸಿದ್ದೂ ಬೆಳಗಾವಿ ಧರ್ಮಕ್ಷೇತ್ರವನ್ನು ಸ್ಥಾಪಿಸಿದ್ದೂ ಅದೇ ದಿನ. ಅದಾಗಿ ಎರಡು ವಾರ ಕಳೆಯುವ ಮೊದಲೇ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋಗಿ ಉಳಿದವು ಮೈಸೂರು ರಾಜ್ಯಕ್ಕೆ ಸೇರಿದವು. ನಿಜಾಮರ ಸೀಮೆಯಾಗಿದ್ದ ರಾಯಚೂರು, ಆಗ ಅದರೊಳಗೇ ಇದ್ದ ಕೊಪ್ಪಳ ಎರಡೂ ಹೈದರಾಬಾದ್ ರಾಜ್ಯವನ್ನು ಬಿಟ್ಟು ಬರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಸರ್ಕಾರ ಗೆರೆ ಎಳೆದ ಹಾಗೆಯೇ ರೋಮ್ ಗೆರೆ ಎಳೆಯಿತೆಂದು ಹೇಳಲು ಬರುವುದಿಲ್ಲ, ಆದರೆ ಒಂದೇ ನೆಲದ ಮೇಲೆ ಎರಡು ಬಗೆಯ ಗಡಿಗಳು ಒಂದೇ ದಶಕದಲ್ಲಿ ಕದಲಿದ್ದವು.

ಬಳ್ಳಾರಿಯ ಕಥೋಲಿಕರು ಬೆಂಗಳೂರಿನ ಕವಲಿನಿಂದ ಬಂದವರಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವರು ಮೊದಲು ಮದರಾಸು ಮಹಾಧರ್ಮಕ್ಷೇತ್ರದ ಭಾಗವಾಗಿದ್ದರು. 1928ರಲ್ಲಿ ಅಲ್ಲಿಂದ ಬೇರ್ಪಟ್ಟು ಸ್ವತಂತ್ರ ಮಿಷನ್ ಆದ ಬಳ್ಳಾರಿ 1949ರಲ್ಲಿ ಧರ್ಮಕ್ಷೇತ್ರವಾಯಿತು; ಬೆಂಗಳೂರು ಮಹಾಧರ್ಮಕ್ಷೇತ್ರ ಆಗುವುದಕ್ಕಿಂತ ನಾಲ್ಕು ವರ್ಷ ಮೊದಲೇ ನಮ್ಮಲ್ಲಿ ಪ್ರತ್ಯೇಕ ಪೀಠವಿತ್ತು. ಮೊದಲ ಬಿಷಪ್ಪರಾದ ಜಾನ್ ಫಾರೆಸ್ಟ್ ಹೋಗನ್, ಅವರ ನಂತರ 1963ರಿಂದ ಸುಮಾರು ಮೂರು ದಶಕ ಪೀಠದಲ್ಲಿದ್ದ ಆಂಬ್ರೋಸ್ ಯೆದ್ದನಪಲ್ಲಿ ಇಬ್ಬರೂ ಫ್ರಾನ್ಸಿಸ್ಕನ್ ಸಭೆಯವರು. ಆಮೇಲೆ ಜೋಸೆಫ್ ಡಿಸಿಲ್ವ, 2008ರಲ್ಲಿ ಹೆನ್ರಿ ಡಿಸೋಜ ಬಂದರು. ಮುದಗಲ್ಲಿನ ಕ್ರೈಸ್ತರದಂತೂ ಇನ್ನೂ ಹಳೆಯ ಕಥೆ. ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಬೇರು ಬಿಟ್ಟ ಆ ಸಮುದಾಯದ ಎದುರು ಬೆಂಗಳೂರಿನ ಮಹಾಪೀಠ ನಿನ್ನೆ ಮೊನ್ನೆಯದು.

ಪೋತಕಮೂರಿ ಅವರ ನಂತರ 1968ರಲ್ಲಿ ಡಿ. ಸೈಮನ್ ಲೂರ್ದುಸ್ವಾಮಿ ಆರ್ಚ್‌ಬಿಷಪ್ಪರಾದರು. ಮೂರೇ ವರ್ಷಕ್ಕೆ ರೋಮಿನ ಕರೆ ಬಂತು, 1985ರಲ್ಲಿ ಅಲ್ಲಿಯೇ ಕಾರ್ಡಿನಲ್ ಆದರು. 1971ರಿಂದ 1986ರವರೆಗೆ ಪಾಕಿಯಂ ಆರೋಗ್ಯಸ್ವಾಮಿ ಇದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಾಗ, ಬೆಂಗಳೂರಿನ ಜನರ ಭಾಷೆ ಯಾವುದೆಂಬ ಪ್ರಶ್ನೆ ಎದ್ದು ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳ ಹಂಚಿಕೆ ದಶಕಗಟ್ಟಲೆ ಜಗಳವಾಗಿ ಉಳಿಯಿತು; ಅಲ್ಲಿನ ಯಾವ ಆರ್ಚ್‌ಬಿಷಪ್ಪರಿಗೂ ಅದರಿಂದ ಬಿಡುಗಡೆಯಿರಲಿಲ್ಲ. 1986ರಲ್ಲಿ ಬಂದ ಅಲ್ಫೋನ್ಸಸ್ ಮಥಾಯಸ್ ಅದಕ್ಕೆ ಮುಂಚೆ ಚಿಕ್ಕಮಗಳೂರಿನ ಬಿಷಪ್ಪರಾಗಿದ್ದವರು. 1998ರಲ್ಲಿ ಬಂದ ಇಗ್ನೇಷಿಯಸ್ ಪಿಂಟೊ ಶಿವಮೊಗ್ಗದಿಂದ, 2004ರ ಬರ್ನಾರ್ಡ್ ಮೊರಾಸ್ ಮತ್ತು 2018ರ ಪೀಟರ್ ಮಚಾದೊ ಇಬ್ಬರೂ ಬೆಳಗಾವಿಯಿಂದ ಬಂದವರು. ಹೀಗೆ ನಾಲ್ಕು ನೇಮಕಗಳಲ್ಲಿ ಸತತವಾಗಿ ಬೆಂಗಳೂರಿಗೆ ಮುಖ್ಯಸ್ಥರನ್ನು ಕೊಟ್ಟದ್ದು ಸಫ್ರಗನ್ ಧರ್ಮಕ್ಷೇತ್ರಗಳೇ. ಬಳ್ಳಾರಿಯಿಂದ ಯಾರೂ ಹೋಗಿಲ್ಲ.

ಈ ಸಾಲಿನ ಮೊರಾಸ್ ಅವರನ್ನು ನಿವೃತ್ತಿಯ ಬಳಿಕ, 2023ರಲ್ಲಿ, ಮೈಸೂರು ಧರ್ಮಕ್ಷೇತ್ರದ ತಾತ್ಕಾಲಿಕ ಆಡಳಿತಕ್ಕೆ ನೇಮಿಸಲಾಯಿತು. ನೇಮಿಸಿದ್ದು ರೋಮ್, ಬೆಂಗಳೂರಲ್ಲ. ಮಚಾದೊ ಅವರ ಹೆಸರು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸಿದ್ದು ರಾಜ್ಯದ ಮತಾಂತರ ತಡೆ ಕಾಯ್ದೆಯನ್ನು ವಿರೋಧಿಸಿದಾಗ. ಆಗ ಅವರು ರಾಜ್ಯದ ಬಿಷಪ್ಪರೆಲ್ಲರ ಪರವಾಗಿ ಮಾತಾಡಿದ್ದು ಕರ್ನಾಟಕದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷರಾಗಿ. ಮೆಟ್ರೊಪಾಲಿಟನ್ ಪದವಿ ತಾನಾಗಿಯೇ ಆ ಹಕ್ಕನ್ನು ಕೊಡುವುದಿಲ್ಲ. ಪತ್ರಿಕೆಗಳಿಗೆ ಈ ಎರಡು ಟೋಪಿಗಳ ವ್ಯತ್ಯಾಸ ಅಷ್ಟಾಗಿ ಬೇಕಿರುವುದಿಲ್ಲ.

ಬಳ್ಳಾರಿಯಲ್ಲಿ ಇನ್ನೊಂದು ಗೊಂದಲವೂ ಉಂಟು. ಲಂಡನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಬಂದು ನೆಲೆಸಿ ವಾರ್ಡ್‌ಲಾ ಶಾಲೆಯನ್ನು ಕಟ್ಟಿದ ಊರಿದು. ಆ ಪರಂಪರೆಯ ಚರ್ಚುಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ ಸೇರಿದವು. ಸಿಎಸ್‌ಐಯಲ್ಲಿಯೂ ಬಿಷಪ್ಪರಿದ್ದಾರೆ, ಆದರೆ ಆರ್ಚ್‌ಬಿಷಪ್ ಹುದ್ದೆಯಿಲ್ಲ; ಚುನಾಯಿತರಾದ ಮಾಡರೇಟರ್ ಒಬ್ಬರು ಮುಖ್ಯಸ್ಥರಾಗಿರುತ್ತಾರೆ. ಕಥೋಲಿಕರಲ್ಲೇ ಕೇರಳ ಮೂಲದ, ಬೇರೆ ಪೂಜಾಕ್ರಮವಿರುವ ಸಿರೋ ಮಲಬಾರ್ ಪದ್ಧತಿಯವರಿಗೆ ಮಂಡ್ಯ, ಭದ್ರಾವತಿ, ಬೆಳ್ತಂಗಡಿಗಳಲ್ಲಿ ಬೇರೆ ಪೀಠಗಳಿದ್ದು, ಅವು ಬೆಂಗಳೂರಿನ ಗುಂಪಿನಲ್ಲಿಲ್ಲ.

ಮೆಟ್ರೊಪಾಲಿಟನ್ನರ ಮಾತಿಗೆ ನಿಜವಾದ ತೂಕವಿರುವುದು ಬಿಷಪ್ಪರ ಆಯ್ಕೆಯಲ್ಲಿ. ಪ್ರಾಂತದ ಬಿಷಪ್ಪರು ಕನಿಷ್ಠ ಮೂರು ವರ್ಷಕ್ಕೊಮ್ಮೆ ಯೋಗ್ಯ ಗುರುಗಳ ಪಟ್ಟಿಯೊಂದನ್ನು ಗುಟ್ಟಾಗಿ ಸಿದ್ಧಪಡಿಸಿ ರೋಮಿಗೆ ಕಳುಹಿಸುತ್ತಾರೆ. ಪೀಠವೊಂದು ತೆರವಾದಾಗ ದೆಹಲಿಯಲ್ಲಿರುವ ಪೋಪ್ ಅವರ ರಾಯಭಾರಿಯು ಮೂವರ ಹೆಸರನ್ನು ಸೂಚಿಸುವ ಮುನ್ನ ಮೆಟ್ರೊಪಾಲಿಟನ್ ಮತ್ತು ಉಳಿದ ಸಫ್ರಗನ್ ಬಿಷಪ್ಪರ ಅಭಿಪ್ರಾಯವನ್ನು ಕೇಳಬೇಕೆಂದು ಕಾನೂನಿದೆ. ಕೇಳಿದ ಮೇಲೆ ಅದರಂತೆ ನಡೆಯಬೇಕೆಂದಿಲ್ಲ.

ಸಾಮಾನ್ಯ ಜನರಿಗೆ ಮಹಾಧರ್ಮಕ್ಷೇತ್ರದ ಜೊತೆ ನೇರ ವ್ಯವಹಾರ ಬರುವುದು ಹೆಚ್ಚಾಗಿ ಧರ್ಮಸಭೆಯ ನ್ಯಾಯಮಂಡಳಿಯಲ್ಲಿ. ಸಿಂಧನೂರಿನ ದಂಪತಿಯೊಬ್ಬರ ಮದುವೆ ಧರ್ಮಸಭೆಯ ದೃಷ್ಟಿಯಲ್ಲಿ ಮೊದಲಿನಿಂದಲೂ ಅಸಿಂಧುವಾಗಿತ್ತೇ ಎಂಬ ಪ್ರಶ್ನೆ ಬಂದರೆ ಅರ್ಜಿ ಹೋಗುವುದು ತಮ್ಮ ಧರ್ಮಕ್ಷೇತ್ರದ ವ್ಯವಸ್ಥೆಯ ಮೂಲಕ. ಅಲ್ಲಿನ ತೀರ್ಪು ಒಪ್ಪಿಗೆಯಾಗದಿದ್ದರೆ ಸಾಮಾನ್ಯ ನಿಯಮದಂತೆ ಮೇಲ್ಮನವಿ ಮೆಟ್ರೊಪಾಲಿಟನ್ ನ್ಯಾಯಮಂಡಳಿಗೆ ಹೋಗುತ್ತದೆ. ಹಿಂದೆ ಮದುವೆ ಅಸಿಂಧುವೆಂದು ತೀರ್ಪು ಬಂದರೂ ಎರಡನೆಯ ನ್ಯಾಯಮಂಡಳಿಯೊಂದು ಅದನ್ನು ದೃಢಪಡಿಸಬೇಕಿತ್ತು. 2015ರ ಸುಧಾರಣೆಯ ನಂತರ ಯಾರೂ ಮೇಲ್ಮನವಿ ಸಲ್ಲಿಸದಿದ್ದರೆ ಮೊದಲ ತೀರ್ಪೇ ಸಾಕು, ಹಾಗಾಗಿ ಕಡತ ಬೆಂಗಳೂರಿಗೆ ಹೋಗಲೇಬೇಕೆಂಬ ನಿಯಮವೂ ಈಗ ಇಲ್ಲ.