ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿಸುವ ಮೊದಲು

"ಅಣ್ಣಾ, ನಾಳೆ ಬೆಳಿಗ್ಗೆ ಆರ್‌ಟಿಓ ಆಫೀಸಿಗೆ ಹೋಗ್ಬೇಕು. ಹ್ಯಾಂಡ್ ಬ್ರೇಕ್ ಕೇಬಲ್ ಒಂಚೂರು ಬಿಗಿ ಮಾಡಿಕೊಡ್ರಿ." 15 ವರ್ಷ ತುಂಬಿದ ಕಾರಿನ ಆರ್‌ಸಿ ರಿನ್ಯೂವಲ್‌ಗೆ ಹೊರಟವರು ಹಿಂದಿನ ಸಂಜೆ ಗ್ಯಾರೇಜಿಗೆ ಬಂದು ಹೇಳುವ ಮಾತಿದು. ದಾವಣಗೆರೆಯಲ್ಲಿ ಇಷ್ಟು ವರ್ಷ ಸಣ್ಣ ಕಾರುಗಳ ಕೆಳಗೇ ಮಲಗಿ ಕೆಲಸ ಮಾಡಿದ್ದೇನೆ, ಆದರೂ ಇದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಅಲ್ಲಿ ತಪಾಸಣೆಯಲ್ಲಿ ನೋಡುವ ಲೈಟು, ಇಂಡಿಕೇಟರು, ಹಾರ್ನು, ವೈಪರು, ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು ಎಲ್ಲ ನೀವೇ ನೋಡಿಕೊಳ್ಳಬಹುದಾದವು. ಟೈರಿನ ಗ್ರಿಪ್ಪಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಟೈರು ಮುಗಿಯಿತೆಂದೇ ಲೆಕ್ಕ. ಆ ಒಂದು ದಿನದ ಮಟ್ಟಿಗೆ ಅಳಿಯನ ಕಾರಿನ ಟೈರು ಬಿಚ್ಚಿ ತಂದು ಹಾಕಿಸುವವರೂ ಇದ್ದಾರೆ, ನಾನಂತೂ ಹಾಕಿಕೊಡುವುದಿಲ್ಲ. ಎಂಜಿನ್ ಬೇ ಒಳಗಿನ ಚಾಸಿ ನಂಬರು ತುಕ್ಕು ಹಿಡಿದು ಕಾಣದೇ ಹೋಗಿದ್ದರೆ ಅದನ್ನೂ ಮೊದಲೇ ನೋಡಿಕೊಳ್ಳಿ, ಅಲ್ಲಿ ಹೋಗಿ ಉಜ್ಜುತ್ತಾ ನಿಲ್ಲಬೇಡಿ.

ಈಗ ಹ್ಯಾಂಡ್ ಬ್ರೇಕಿನ ವಿಚಾರ. ಜಗಳೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ಒಳ್ಳೆಯ ಜೀವ, ಕಾರನ್ನು ಮನೆಮಗಳ ಹಾಗೆ ಒರೆಸಿ ಇಟ್ಟುಕೊಂಡಿದ್ದರು. "ಮೇಷ್ಟ್ರೇ, ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕ್ತೀರಾ?" ಅಂದೆ. "ಎಲ್ಲಿ ಹಿಡಿತೈತಿ ಅದು? ಗೇರ್‌ನಾಗೆ ಬಿಡ್ತೀನಿ, ಇಳಿಜಾರಿದ್ರೆ ಚಕ್ರಕ್ಕೊಂದು ಕಲ್ಲು ಕೊಡ್ತೀನಿ. ಕಾಲ್ ಬ್ರೇಕ್ ಮಾತ್ರ ಚಲೋ ಹಿಡಿತೈತಲ್ಲ ಬಿಡು" ಅಂದರು.

ಹಿಂದಿನ ಚಕ್ರಗಳನ್ನು ಜಾಕ್ ಹಾಕಿ ಎತ್ತಿ, ಲಿವರನ್ನು ಕೊನೆಯವರೆಗೂ ಎಳೆದೆ. ಎಡ ಚಕ್ರ ಒಂದೇ ಕೈಯಲ್ಲಿ ಸಲೀಸಾಗಿ ತಿರುಗಿತು. ಹಿಂದಿನ ಬ್ರೇಕನ್ನು ಮುಚ್ಚಿಕೊಂಡು ಚಕ್ರದ ಜೊತೆ ತಿರುಗುವ ಡ್ರಮ್ ಬಿಚ್ಚಿದೆ. ಒಳಗೆ, ಆಯಿಲ್ ಒತ್ತಡದಿಂದ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚಿನಿಂದ ಬ್ರೇಕ್ ಆಯಿಲ್ ಜಿನುಗಿ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರಿನ ಮೇಲೆಲ್ಲ ಹರಡಿ, ಧೂಳಿನ ಜೊತೆ ಸೇರಿ ಕಪ್ಪು ಕೆಸರಾಗಿತ್ತು. ಬೆರಳಲ್ಲಿ ಒತ್ತಿದರೆ ಲೈನರಿನಿಂದಲೇ ಆಯಿಲ್ ಒಸರುತ್ತಿತ್ತು. "ಆಗಾಗ ಬ್ರೇಕ್ ಆಯಿಲ್ ಕಡಿಮೆ ಆಗ್ತಿತ್ತು, ನಾನೇ ಒಂದಿಷ್ಟು ಹಾಕ್ತಿದ್ದೆ" ಅಂದರು ಮೇಷ್ಟ್ರು.

ನನ್ನ ಗಿರಾಕಿಗಳಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಸಂಗತಿ ಇದೇ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಡಿಸ್ಕ್‌ಗಳದ್ದು. ಹಾಗಾಗಿ ಹಿಂದಿನ ಡ್ರಮ್‌ಗಳು ಪೂರ್ತಿ ಸತ್ತಿದ್ದರೂ ಊರೊಳಗೆ ನಿಮ್ಮ ಕಾಲಿಗೆ ಗೊತ್ತಾಗುವುದಿಲ್ಲ. ಈ ಸಣ್ಣ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಅದೇ ಲೈನರುಗಳನ್ನು. ಅದು ಹಿಡಿಯುತ್ತಿಲ್ಲವೆಂದರೆ ಹಿಂದಿನ ಬ್ರೇಕ್ ಕೆಟ್ಟಿರುವ ಸೂಚನೆ ಎಂದುಕೊಳ್ಳಿ. ಡ್ರಮ್ ಬಿಚ್ಚದೆ ಕೇಬಲ್ ಮೇಲೆ ತಪ್ಪು ಹೊರಿಸಬೇಡಿ. ಬ್ರೇಕ್ ಇನ್‌ಸ್ಪೆಕ್ಟರು ಲಿವರ್ ಎಳೆಸಿ ನೋಡುವುದಕ್ಕೆ ಅರ್ಥವಿದೆ. ಬ್ರೇಕಿನ ಹಿಡಿತ ಅಳೆಯುವ ರೋಲರ್ ಮಷೀನಿನ ಮೇಲೆ ಹತ್ತಿಸಿದರಂತೂ ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಬೇರೆ ಬೇರೆ ತೋರಿಸಿಬಿಡುತ್ತದೆ.

ಡ್ರಮ್ ಬಿಚ್ಚದೆ ಕೇಬಲ್ ಮಾತ್ರ ಬಿಗಿ ಮಾಡಿದರೆ ಏನಾಗುತ್ತದೆ? ಲೈನರ್ ಸವೆದಂತೆ ಅಂತರ ಸರಿಹೊಂದಿಸಿಕೊಳ್ಳುವ ಅಡ್ಜಸ್ಟರ್ ಬಹುತೇಕ ಕಾರುಗಳಲ್ಲಿ ಡ್ರಮ್ಮಿನೊಳಗೇ ಇರುತ್ತದೆ. ನಮ್ಮ ಧೂಳಿಗೆ, ಮಳೆಗೆ ಅದು ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಕೇಬಲ್ ಎಳೆದು ಕಟ್ಟಿದರೆ ಲೈನರ್ ಕೂರುವ ಶೂ ಪಕ್ಕದ ಲಿವರ್ ತನ್ನ ಜಾಗಕ್ಕೆ ಪೂರ್ತಿ ಮರಳುವುದಿಲ್ಲ, ಅಡ್ಜಸ್ಟರ್ ಕೆಲಸ ಮಾಡುವ ಅವಕಾಶವೂ ಹೋಯಿತು. ಮೇಲುಗಡೆ ನೀವು ಕೈಯಲ್ಲಿ ಎಳೆಯುವ ಲಿವರ್ ಮಾತ್ರ ನಾಲ್ಕೈದು ಟಿಕ್ಕಿಗೇ ಗಟ್ಟಿಯಾಗಿ ನಿಂತು, ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಇನ್ನೂ ಬಿಗಿ ಮಾಡಿದರೆ ಓಡುವಾಗಲೂ ಲೈನರ್ ಉಜ್ಜಿಕೊಂಡೇ ಇದ್ದು ಡ್ರಮ್ ಬಿಸಿಯಾಗುತ್ತದೆ. ಮೊದಲು ಡ್ರಮ್ ಬಿಚ್ಚಿ ಕ್ಲೀನ್ ಮಾಡಬೇಕು, ಲೈನರ್ ಸೆಟ್ ಮಾಡಬೇಕು, ಕೇಬಲ್ ಕಟ್ಟಕಡೆಯ ಕೆಲಸ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕಿ ಅನ್ನಬೇಡಿ. ಎರಡೂ ಚಕ್ರಕ್ಕೆ ಒಟ್ಟಿಗೇ ಹೊಸದು ಹಾಕಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದಾದರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಆಯಿಲ್ ಕಡಿಮೆಯಾಗುವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ಪ್ಯಾಡ್ ಸವೆದಂತೆ ಮಟ್ಟ ನಿಧಾನಕ್ಕೆ ಇಳಿಯುವುದು ಸಹಜ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಫ್ರಂಟ್ ವೀಲ್ ಡ್ರೈವ್ ಇರುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಡ ಹಿಂಚಕ್ರಕ್ಕೂ ಬಲ ಮುಂಚಕ್ರಕ್ಕೂ ಒಂದೇ ಆಯಿಲ್ ದಾರಿ. ಹಿಂದೆ ಸೋರಿದ್ದು ಒಂದು ದಿನ ಮುಂದಿನ ಒಂದು ಬ್ರೇಕನ್ನೂ ಕರೆದುಕೊಂಡು ಹೋಗುತ್ತದೆ. ಆಯಿಲ್ ಗಾಳಿಯ ತೇವವನ್ನೂ ಹೀರುತ್ತದೆ: ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ದಾವಣಗೆರೆಯಿಂದ ಹಿರಿಯೂರಿನವರೆಗೆ ಹೈವೇಯಲ್ಲಿ ಇದು ಗೊತ್ತಾಗದೇ ಇರಬಹುದು. ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಆಯಿಲ್ ಕುದ್ದು ಪೆಡಲ್ ಸ್ಪಂಜಿನಂತೆ ಒಳಗೆ ಹೋದರೆ ಗೊತ್ತಾಗುತ್ತದೆ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ನಿಖರ ಅವಧಿಗೆ ನಿಮ್ಮ ಕಾರಿನ ಮ್ಯಾನುಯಲ್ ನೋಡಿ.

ಕಾರು ನೋಡದೆ ಯಾರಿಗೂ ನಾನು ಪಾಸಾಗುತ್ತದೆ ಅನ್ನುವುದಿಲ್ಲ, ಆ ತೀರ್ಮಾನ ಇನ್‌ಸ್ಪೆಕ್ಟರದು. ರಿನ್ಯೂವಲ್ ಆದರೆ 5 ವರ್ಷ ಸಿಗುತ್ತದೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು, ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಶುಲ್ಕ. ಹಳೆಯ ಮಾಡೆಲ್ಲಿನ ಡ್ರಮ್, ವೀಲ್ ಸಿಲಿಂಡರ್ ಕೇಳಿದ ತಕ್ಷಣ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕಾಗುತ್ತದೆ. ಅದಕ್ಕೇ ಆ 60 ದಿನದ ಮೊದಲ ವಾರದಲ್ಲೇ ಕಾರು ತನ್ನಿ, ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ, ಪಕ್ಕದಲ್ಲೇ ನಿಂತು ಒಳಗೇನಿದೆ ಎಂದು ನೋಡಿ.